ಮೆಟ್ಟಿಲ ಕೆಳಗಿನ ವೈನು

ಈ ಬಾಟಲಿಯ ಬಿರಡೆ ಹಟ ಹಿಡಿದಿತ್ತು. ಮಗಳು ಬಾಟಲಿಯನ್ನು ಎರಡು ಮೊಣಕಾಲುಗಳ ನಡುವೆ ಇರುಕಿಕೊಂಡು ಬಿರಡೆಗೆ ಚುಚ್ಚಿದ ತಿರುಪನ್ನು ಎರಡೂ ಕೈಗಳಿಂದ ಹಿಡಿದು ಎಳೆದಳು. ಟಪ್ ಎಂದು ಕಳಚಿ ಬಂದದ್ದೇ ತಡ, ಉಸಿರು ಬಿಗಿಹಿಡಿದು, ಮುಖ ಆಚೆ ತಿರುಗಿಸಿ, ಬಾಟಲಿಯನ್ನು ಅಡುಗೆಮನೆಯ ಸಿಂಕಿನಲ್ಲಿ ಬೋರಲು ಹಿಡಿದಳು. ಕಡುಗೆಂಪು ವೈನು ಗುಳುಗುಳು ಸದ್ದು ಮಾಡುತ್ತ ತೂತಿನೊಳಗೆ ಇಳಿಯಿತು. ಪೂರ್ತಿ ಇಳಿದು, ಮೇಲೆ ನಲ್ಲಿಯ ನೀರು ಬಿಟ್ಟ ಮೇಲೆಯೇ ಅವಳು ಉಸಿರು ಬಿಟ್ಟದ್ದು.

"ಬೇಗ ಮಗಳೇ, ಬೇಗ," ಎಂದ ಸೋದರಮಾವ. ಅವನು ಖಾಲಿ ಬಾಟಲಿಯ ಬಾಯಿಗೆ ಆಲಿಕೆ ಇಟ್ಟು, ಅಂಗಡಿಯಿಂದ ತಂದ ವೈನನ್ನು ಅದರೊಳಗೆ ಸುರಿಯುತ್ತಿದ್ದ. ಮೂರು ದಿನದಿಂದ ನೆಗಡಿ. ಮೂಗು ಕಟ್ಟಿ ಅರ್ಧ ಅಕ್ಷರಗಳು ಬಾಯಿಗೇ ಬರುತ್ತಿರಲಿಲ್ಲ. "ಸ್ಮಶಾನದಿಂದ ಎಲ್ಲರೂ ನಡ್ಕೊಂಡು ಬರ್ತಿದಾರೆ ಅಂತ ನಿಧಾನ ಮಾಡ್ಬೇಡ. ನಿಮ್ಮಪ್ಪನ ಡಿಪೋ ಜನ ಅವರು. ಕಾಲು ಗಾಲಿ ಇದ್ದ ಹಾಗೆ."

"ನೀನು ಚೆಲ್ಲದೆ ತುಂಬು ಮಾವ. ಮೇಜೆಲ್ಲ ಕೆಂಪಾಗಿದೆ."

"ನನಗೆ ಅಭ್ಯಾಸ ಇಲ್ಲ. ಭಾವನ ಮನೇಲಿ ಭಾವನಿಗೇ ಮೋಸ ಮಾಡ್ತಿರೋದು ಇದೇ ಮೊದಲು."

"ಮೋಸ ಅಲ್ಲ. ಮಾನ ಉಳಿಸ್ತಿರೋದು."

ಅಳುವುದಕ್ಕೆ ಪುರಸೊತ್ತಿರಲಿಲ್ಲ. ಮುಂದಿನ ಬಾಟಲಿಗೆ ಕೈ ಹಾಕಿದಳು.

ಆದದ್ದಿಷ್ಟು. ಬೆಳಿಗ್ಗೆ ಅಪ್ಪನನ್ನು ಮಣ್ಣು ಮಾಡಿದರು. ಎಲ್ಲ ಮುಗಿದು ಜನ ಚಪ್ಪಲಿ ಹುಡುಕುತ್ತಿದ್ದಾಗ ಅಮ್ಮ ಇದ್ದಕ್ಕಿದ್ದಂತೆ ದನಿ ಎತ್ತಿದಳು. "ಯಾರೂ ಹಾಗೇ ಹೋಗ್ಬೇಡಿ. ಎಲ್ಲರೂ ಮನೆಗೆ ಬನ್ನಿ. ಮೆಟ್ಟಿಲ ಕೆಳಗಿರೋ ವೈನನ್ನ ಬಂದವರಿಗೆಲ್ಲ ಒಂದೊಂದು ಲೋಟ ಕೊಡ್ಬೇಕು ಅಂತ ಆಸ್ಪತ್ರೇಲಿ ಅವರು ನನ್ನಿಂದ ಮಾತು ತಗೊಂಡಿದಾರೆ," ಎಂದಳು.

ಜನ ಮುಖ ಮುಖ ನೋಡಿಕೊಂಡರು. ಪಕ್ಕದ ಮನೆಯ ಟೈಲರಮ್ಮನಿಗೆ ತಾನು ಬೆಳಿಗ್ಗೆಯೇ ಮಾತ್ರೆ ನುಂಗಿದ್ದು ನೆನಪಾಯಿತು. ಡಿಪೋದ ಒಬ್ಬನಿಗೆ ಹುಣ್ಣಿರುವ ಹೊಟ್ಟೆ ನೆನಪಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕು ಅದನ್ನು ಕೆಮ್ಮಿಗೆ ತಿರುಗಿಸಿದರು. ಆ ನಗು ಮಗಳ ಕಿವಿಗೆ ಬಿತ್ತು. ಅಪ್ಪನ ವೈನಿನ ಹೆಸರೆತ್ತಿದರೆ ಹೀಗೆ ನಗುವುದು ಅವಳಿಗೆ ಹೊಸತೇನಲ್ಲ. ಆದರೆ ಹಸಿ ಮಣ್ಣಿನ ಪಕ್ಕದಲ್ಲಿ ನಿಂತು ನಗುವುದೆಂದರೆ? ಇವತ್ತೊಂದು ದಿನ, ಇದೊಂದು ಕೊನೆಯ ದಿನ ಅಪ್ಪನನ್ನು ನೋಡಿ ಯಾರೂ ನಗಬಾರದು ಎಂದು ಅವಳಿಗೆ ರೋಷ ಉಕ್ಕಿತು. ಮಾವನ ತೋಳು ಹಿಡಿದು ಎಳೆದುಕೊಂಡು ಅವನ ಸ್ಕೂಟರ್ ಹತ್ತಿದಳು. ದಾರಿಯಲ್ಲಿ ಅಂಗಡಿಯ ಒಳ್ಳೆಯ ವೈನು ಕೊಂಡಾಯಿತು. ಅದನ್ನು ಅಪ್ಪನ ಬಾಟಲಿಗಳಿಗೆ ತುಂಬಿಬಿಟ್ಟರೆ ಕುಡಿದವರು ಬಾಯಿ ಮುಚ್ಚಿಕೊಂಡು ಹೋಗುತ್ತಾರೆ. ಅಪ್ಪನದನ್ನು? ಅಪ್ಪನದನ್ನು ಚೆಲ್ಲಬೇಕು, ಇನ್ನೇನು.

"ಒಂದು ಸಲ ರುಚಿ ನೋಡೋಣ್ವಾ?" ಎಂದು ಮಾವ ಮೊದಲಿಗೆ ಕೇಳಿದ್ದ.

"ನಾನು ಔಷಧಿ ಅಂಗಡೀಲಿ ಕೆಲಸ ಮಾಡೋಳು ಮಾವ. ಅವಧಿ ಮೀರಿದ್ದನ್ನ ರುಚಿ ನೋಡಲ್ಲ, ಸಿಂಕಿಗೆ ಸುರೀತೀನಿ," ಎಂದಿದ್ದಳು.

* * *

ಅಪ್ಪ ಬಸ್ಸು ಓಡಿಸುತ್ತಿದ್ದ. ಡಿಪೋದಲ್ಲಿ ಅವನ ಸ್ವಂತ ಹೆಸರನ್ನು ಎಲ್ಲರೂ ಮರೆತೇಬಿಟ್ಟಿದ್ದರು. 'ಅವಸರ' ಎಂದೇ ಕರೆಯುತ್ತಿದ್ದರು. ಬಸ್ಸು ಹೊರಡುವ ಹೊತ್ತಿಗೆ ಮುಂಚೆಯೇ ಹೊರಟಿರುತ್ತಿತ್ತು. ಬ್ಯಾಗು ಹಿಡಿದು ಹಿಂದೆ ಓಡಿ ಬರುವ ಜನರನ್ನು ಕನ್ನಡಿಯಲ್ಲಿ ನೋಡಿ, "ನಾಳೆ ಬೇಗ ಬರ್ತಾರೆ ಬಿಡು," ಎನ್ನುತ್ತಿದ್ದ. ಡಿಪೋದ ಟೈಂಕೀಪರ್ ಇವನೊಬ್ಬನಿಗಾಗಿ ಗೇಟಿನಲ್ಲಿ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದ. ಇಬ್ಬರಿಗೂ ದಿನವೂ ಜಗಳ, ದಿನವೂ ಒಟ್ಟಿಗೆ ಚಹಾ. ಚಹಾ ಆರುವವರೆಗೂ ಅಪ್ಪ ಕಾದವನಲ್ಲ. ಜೀವನವಿಡೀ ನಾಲಿಗೆ ಸುಟ್ಟುಕೊಂಡೇ ಕುಡಿದ.

ಇಂಥವನಿಗೆ ವೈನು ಮಾಡುವ ಹುಚ್ಚು ಹಿಡಿಯಿತು. ಪೆಟ್ಟಿಗೆಯಲ್ಲಿ ಬರುತ್ತಿತ್ತು ಆ ಸಾಮಾನು. ಗಟ್ಟಿ ದ್ರಾಕ್ಷಿರಸದ ಉಬ್ಬಿದ ಚೀಲ, ಯೀಸ್ಟಿನ ಪೊಟ್ಟಣ, ಕೆಡದಂತೆ ಬೆರೆಸುವ ಪುಡಿ, ಒಂದು ಹಿಡಿ ಮರದ ಚಕ್ಕೆ. ಬಕೆಟ್ಟಿಗೆ ಸುರಿದು, ನೀರು ಬೆರೆಸಿ, ಮುಚ್ಚಿಟ್ಟರೆ ಮುಚ್ಚಳದ ನಳಿಗೆಯಲ್ಲಿ ಗುಳುಕ್ ಗುಳುಕ್ ಎಂದು ಗುಳ್ಳೆ ಏಳುತ್ತಿತ್ತು. ಅಪ್ಪ ಸ್ಟೂಲು ಹಾಕಿಕೊಂಡು ಅದರ ಮುಂದೆ ಕೂತು, ಎಂಜಿನ್ ಸದ್ದು ಆಲಿಸುವವನ ಹಾಗೆ ತಲೆ ವಾಲಿಸುತ್ತಿದ್ದ. ಬಾಟಲಿಗೆ ತುಂಬಿದ ಮೇಲೆ ವರ್ಷವಾದರೂ ಕತ್ತಲಲ್ಲಿ ಮಲಗಿಸಿಡಿ ಎಂಬ ಸಾಲು ಪೆಟ್ಟಿಗೆಯ ತಳದಲ್ಲಿ ಅಚ್ಚಾಗಿತ್ತು. ಅಪ್ಪ ಯಾವುದರ ತಳವನ್ನೂ ನೋಡಿದವನಲ್ಲ. ತುಂಬಿದ ವಾರದಲ್ಲೇ ಬಿಚ್ಚಿ, ಊರೆಲ್ಲ ಹಂಚಿ, "ಹೇಗಿದೆ, ಹೇಗಿದೆ?" ಎಂದು ಎದುರಿಗೇ ನಿಂತುಬಿಡುತ್ತಿದ್ದ.

ಹೇಗಿರುತ್ತದೆ? ನಾಲಿಗೆಗೆ ಸೂಜಿ ಚುಚ್ಚುವ ಗ್ಯಾಸು. ಹಲ್ಲಿನ ಬೇರಿಗೆ ಇಳಿಯುವ ಹುಳಿ. ಅಗಿದ ಪೆನ್ಸಿಲ್ಲಿನ ಒಗರು. ಎಲ್ಲಕ್ಕೂ ಮೊದಲು, ಬಿರಡೆ ತೆಗೆದೊಡನೆ ಮೂಗಿಗೆ ಬಡಿಯುವ ಬೆಂಕಿಕಡ್ಡಿ ಗೀರಿದ ವಾಸನೆ. ಹಾಗಾಗಿ ಆ ಮನೆಯಲ್ಲಿ ಒಂದು ಅಭ್ಯಾಸ ಬೆಳೆದಿತ್ತು. ಅಪ್ಪ ಬಾಟಲಿ ಬಿಚ್ಚಿದೊಡನೆ ಎಲ್ಲರೂ ಉಸಿರು ಹಿಡಿಯುವುದು, ಒಂದೇ ಗುಟುಕಿಗೆ ನುಂಗುವುದು, ಆಮೇಲೆ ಉಸಿರು ಬಿಡುವುದು. ಬಂದು ಹೋಗುವವರೂ ಅದನ್ನು ಕಲಿತುಕೊಂಡರು. ಅಪ್ಪನಿಗೆ ಮಾತ್ರ ಇದು ಗೊತ್ತಿರಲಿಲ್ಲ, ಅಥವಾ ಗೊತ್ತಿಲ್ಲವೆಂದು ಎಲ್ಲರೂ ಅಂದುಕೊಂಡಿದ್ದರು.

ಮಗಳ ಮದುವೆ ಇದೇ ಮನೆಯಂಗಳದಲ್ಲಿ ಆಯಿತು. ಅಪ್ಪ ಹಿಂದಿನ ವಾರವಷ್ಟೇ ತುಂಬಿದ ವೈನನ್ನು ತಟ್ಟೆಯಲ್ಲಿಟ್ಟುಕೊಂಡು ಗಂಡಿನ ಕಡೆಯವರ ನಡುವೆ ಓಡಾಡಿದ. ಬೀಗರು ಒಂದು ಗುಟುಕು ಕುಡಿದು ಕಣ್ಣಲ್ಲಿ ನೀರು ತಂದುಕೊಂಡರು. ಬಾಗಿಲ ಪಕ್ಕ ನಿಂತಿದ್ದ ಟೈಂಕೀಪರ್ ಆಚೀಚೆ ನೋಡಿ ತನ್ನ ಲೋಟವನ್ನು ಹೂಕುಂಡದೊಳಗೆ ಬೋರಲು ಹಾಕಿದ. ತಟ್ಟೆ ಹಿಡಿದ ಅಪ್ಪ ಅದನ್ನು ನೋಡಿದ. ಅಪ್ಪ ನೋಡಿದ್ದನ್ನು ಮಗಳು ನೋಡಿದಳು.

ಆ ಸಂಜೆ ಮದುವೆಯ ಉಡುಪಿನಲ್ಲೇ ಬಂದು, ಮೆಟ್ಟಿಲ ಕೆಳಗೆ ಖಾಲಿ ಲೋಟ ಜೋಡಿಸುತ್ತಿದ್ದ ಅಪ್ಪನ ಮುಂದೆ ನಿಂತಳು. "ಎಲ್ಲರೂ ನಗ್ತಿದಾರೆ ಅಪ್ಪ. ನನಗೆ ತಲೆ ಎತ್ತೋಕಾಗ್ತಿಲ್ಲ. ಇನ್ಮೇಲೆ ನಾನಾಗಿ ಕೇಳೋವರೆಗೂ ಯಾರಿಗೂ ಬಾಟಲಿ ಬಿಚ್ಬೇಡ."

"ಆಯ್ತು ಪುಟ್ಟಿ," ಎಂದಿದ್ದ ಅಪ್ಪ. ಅಷ್ಟೇ. ಅವಳು ಗಂಡನ ಮನೆಗೆ ಹೋದಳು, ಆಡಿದ ಮಾತನ್ನು ಮರೆತಳು. ಹೂಕುಂಡದ ಗಿಡ ಎರಡೇ ವಾರದಲ್ಲಿ ಒಣಗಿತು. ಆಮೇಲೆ ಆ ಕುಂಡದಲ್ಲಿ ಕೊಡೆಗಳನ್ನಿಡತೊಡಗಿದರು.

* * *

ಈಗ ಮೇಜಿನ ಮೇಲೆ ಅಂಗಡಿ ವೈನು ತುಂಬಿದ ಬಾಟಲಿಗಳು ಸಾಲಾಗಿ ನಿಂತಿದ್ದವು, ಮೈಮೇಲೆ ಅಪ್ಪನ ಬಿಳಿ ಚೀಟಿ ಅಂಟಿಸಿಕೊಂಡು. ಮಗಳು ಇನ್ನೊಂದರ ಬಿರಡೆ ಕಿತ್ತು, ಉಸಿರು ಹಿಡಿದು, ಸಿಂಕಿಗೆ ಬಗ್ಗಿಸಿದಳು. ಅರ್ಧ ಇಳಿದಿರಬೇಕು. ಅಷ್ಟರಲ್ಲಿ, ಜನರಿಗಿಂತ ಮುಂದೆ ಓಡಿ ಬಂದಿದ್ದ ಅವಳ ಗಂಡ ಮುಂಬಾಗಿಲಿನಿಂದ ಕೂಗಿದ.

"ಎಲ್ಲರೂ ಬೀದಿ ತುದೀಲಿದಾರೆ. ಕೂರಿಸಲಾ, ಹೊರಗೇ ನಿಲ್ಲಿಸಲಾ?"

ಉತ್ತರ ಕೊಡಲೇಬೇಕಾಯಿತು. "ಕೂರಿಸಿ, ಬಂದೆ," ಎಂದಳು. ಹಿಡಿದಿಟ್ಟ ಉಸಿರೆಲ್ಲ ಅದರಲ್ಲೇ ಖಾಲಿಯಾಯಿತು. ಮುಂದಿನ ಉಸಿರು ಅವಳನ್ನು ಕೇಳದೆ ತಾನಾಗಿ ಒಳಗೆ ಬಂತು.

ಬೆಂಕಿಕಡ್ಡಿಯ ವಾಸನೆ ಇರಲಿಲ್ಲ.

ಅವಳು ಬಾಟಲಿಯನ್ನು ನೆಟ್ಟಗೆ ಮಾಡಿದಳು. ಸಿಂಕಿನಿಂದ ಮೇಲೇಳುತ್ತಿದ್ದುದು ಬೇರೆಯೇ ಏನೋ. ಬಿಸಿಲಿಗೆ ಹರವಿದ ಹಣ್ಣು ಬಾಡುವಾಗ ಬರುವಂಥ ಪರಿಮಳ, ಅದರ ಹಿಂದೆ ಹಳೆಯ ಮರದ ಬೀರುವಿನ ಬಾಗಿಲು ತೆಗೆದಾಗ ಬರುವಂಥದ್ದು. ಪ್ರತಿ ಬಾಟಲಿ ಬಗ್ಗಿಸಿದಾಗಲೂ ಇದೇ ಎದ್ದಿರಬೇಕು. ಒಬ್ಬಳು ಉಸಿರು ಹಿಡಿದಿದ್ದಳು, ಇನ್ನೊಬ್ಬನಿಗೆ ಮೂಗು ಕಟ್ಟಿತ್ತು.

"ಮಾವ, ಇದನ್ನ ಮೂಸು."

"ಮೂಗು ಇದ್ದರೆ ತಾನೇ ಮೂಸೋದು?"

"ಹಾಗಾದ್ರೆ ಕುಡಿ."

"ಭಾವನ್ನ ಕಳಿಸಿದ ದಿನಾನೇ ನನ್ನನ್ನೂ ಕಳಿಸಿಬಿಡೋಣ ಅಂತಿದೀಯಾ?" ಎಂದ ಮಾವ. ಆದರೂ ಅವಳ ಮುಖ ನೋಡಿ ಲೋಟ ಇಸಿದುಕೊಂಡ. ಅಭ್ಯಾಸದಂತೆ ಕಣ್ಣು ಮುಚ್ಚಿ ಒಂದೇ ಗುಟುಕಿಗೆ ನುಂಗಿದ. ಕಣ್ಣು ತೆರೆದ. ಲೋಟವನ್ನು ನೋಡಿದ, ಬಾಟಲಿಯನ್ನು ನೋಡಿದ, ಮತ್ತೆ ಲೋಟ ಮುಂದೆ ಹಿಡಿದ. "ಸರಿಯಾಗಿ ಗೊತ್ತಾಗ್ಲಿಲ್ಲ. ಇನ್ನೊಂದು ಚೂರು ಹಾಕು."

ಅವಳು ಅವನಿಗೆ ಹಾಕಲಿಲ್ಲ, ತಾನು ಕುಡಿದಳು. ಸೂಜಿ ಇರಲಿಲ್ಲ. ಹುಳಿ ಇತ್ತು, ಆದರೆ ಹಲ್ಲಿಗೆ ಬರದೆ ನಾಲಿಗೆಯ ಅಂಚಿನಲ್ಲೇ ಮೆತ್ತಗೆ ಓಡಾಡಿತು. ಪೆನ್ಸಿಲ್ಲಿನ ಒಗರು ಎಲ್ಲಿ ಹೋಯಿತೋ, ಆ ಮರದ ಚಕ್ಕೆಗಳೆಲ್ಲ ಕರಗಿ ಸಿಹಿಯ ಹತ್ತಿರ ಬಂದುಬಿಟ್ಟಿದ್ದವು. ನುಂಗಿದ ಮೇಲೂ ರುಚಿ ಹೋಗಲಿಲ್ಲ. ಗಂಟಲಲ್ಲಿ ಕೂತು ಎದೆಯನ್ನು ಬೆಚ್ಚಗೆ ಮಾಡಿತು. ಅವಳಿಗೆ ಮೈ ಜುಮ್ಮೆಂದಿತು. ಓಡಿ ಹೋಗಿ ಅಪ್ಪನಿಗೆ ಹೇಳಬೇಕು ಎಂದು ಕಾಲು ಒಂದು ಹೆಜ್ಜೆ ಇಟ್ಟೇಬಿಟ್ಟಿತ್ತು.

ಆಮೇಲೆ ಇಬ್ಬರೂ ಒಟ್ಟಿಗೆ ಸಿಂಕಿನ ಕಡೆ ನೋಡಿದರು.

"ಎಷ್ಟು ಚೆಲ್ಲಿದ್ವಿ?" ಎಂದ ಮಾವ ಸಣ್ಣ ದನಿಯಲ್ಲಿ.

"ಇನ್ನೆಷ್ಟಿದೆ ನೋಡು. ಮೊದಲು ಅದನ್ನ ನೋಡು."

ಮಾವ ತನ್ನ ಭಾರೀ ಮೈಯನ್ನು ಮೆಟ್ಟಿಲ ಕೆಳಗೆ ತೂರಿಸಿದ. ತಲೆ ಬಡಿದ ಸದ್ದು, ಬೈಗುಳ, ತಡಕಾಟ. ಕೊನೆಗೆ ಜೇಡರ ಬಲೆ ಹೊತ್ತುಕೊಂಡು ಎರಡು ಬಾಟಲಿಗಳನ್ನು ಮಗುವಿನಂತೆ ಅಪ್ಪಿಕೊಂಡು ಹೊರಬಂದ. "ಇಷ್ಟೇ. ಗೋಡೆ ಮೂಲೆಗೆ ಉರುಳಿ ಹೋಗಿದ್ವು. ಇಲ್ದಿದ್ರೆ ಇವನ್ನೂ ಚೆಲ್ಲಿರ್ತಿದ್ವಿ."

ಹಿಂಬಾಗಿಲಿನಿಂದ ಅಮ್ಮ ಒಳಗೆ ಬಂದದ್ದು ಆಗಲೇ. ಕಾಲಿಗೆ ಇನ್ನೂ ಸ್ಮಶಾನದ ಮಣ್ಣು ಮೆತ್ತಿತ್ತು. ಮೇಜು ನೋಡಿದಳು, ಅಂಗಡಿಯ ಕಾಗದದ ಚೀಲ ನೋಡಿದಳು, ಸಿಂಕು ನೋಡಿದಳು. ಯಾರೂ ಏನೂ ವಿವರಿಸಬೇಕಾಗಿರಲಿಲ್ಲ. ಅವಳು ಕಣ್ಣು ಮುಚ್ಚಿ ಗಾಳಿಯನ್ನು ಉದ್ದಕ್ಕೆ ಎಳೆದುಕೊಂಡಳು.

"ಹೀಗಿರತ್ತೆ ಅಂತ ಅವರು ಹೇಳ್ತಾನೇ ಇದ್ರು," ಎಂದಳು.

"ಇದು ಮದುವೇದಲ್ವಾ ಅಮ್ಮ? ಮದುವೇಲಿ ಮಿಕ್ಕಿದ್ದಲ್ವಾ?"

"ಮಿಕ್ಕಿದ್ದನ್ನ ಮಾರನೇ ದಿನಾನೇ ಚರಂಡಿಗೆ ಸುರಿದ್ರು. ಇದು ಆಮೇಲೆ ಮಾಡಿದ್ದು. ನೀನಾಗಿ ಕೇಳೋವರೆಗೂ ಬಿಚ್ಬೇಡ ಅಂದಿದ್ಯಂತಲ್ಲ?"

ಮಗಳು ಮೇಜಿನ ಅಂಚು ಹಿಡಿದುಕೊಂಡಳು.

"ಪ್ರತಿ ಭಾನುವಾರ ಒಂದೊಂದೇ ತೆಗೆದು, ಒರೆಸಿ, ಬೆಳಕಿಗೆ ಹಿಡಿದು ನೋಡೋರು. ಒಂದು ಬಿಚ್ಚೋಣ್ರೀ ಅಂತ ನಾನೇ ಅಂದಿದೀನಿ. ಪುಟ್ಟಿ ಇನ್ನೂ ಕೇಳಿಲ್ಲ ಅನ್ನೋರು. ಮತ್ತೆ ಮಲಗಿಸಿ ಬರೋರು."

"ನೀನಾದ್ರೂ ನನಗೊಂದು ಮಾತು ಹೇಳ್ಬಾರದಿತ್ತಾ?"

"ನಾನು ಹೇಳಿದ್ರೆ ಅದು ನೀನಾಗಿ ಕೇಳಿದ ಹಾಗೆ ಆಗಲ್ವಂತೆ. ಡ್ರೈವರ್ ಕೆಲಸದಲ್ಲಿ ಒಂದು ದಿನಾನೂ ನಿಯಮ ಪಾಲಿಸಿದ ಮನುಷ್ಯ ಅಲ್ಲ. ಇದೊಂದನ್ನ ಪಾಲಿಸಿದ್ರು."

ಮಗಳಿಗೆ ತಾನು ಬಂದಾಗಲೆಲ್ಲ ಊಟ ಮುಗಿದ ಮೇಲೆ ಅಪ್ಪ ಏಳದೆ ಕೂತೇ ಇರುತ್ತಿದ್ದುದು, "ಇನ್ನೇನಾದ್ರೂ ಬೇಕಾ ಪುಟ್ಟಿ?" ಎಂದು ಕೇಳುತ್ತಿದ್ದುದು, ತಾನು ಫೋನು ನೋಡುತ್ತಲೇ "ಏನೂ ಬೇಡಪ್ಪ," ಎನ್ನುತ್ತಿದ್ದುದು ನೆನಪಾಯಿತು. ತನ್ನ ಮಗಳು ಹುಟ್ಟಿ, ಶಾಲೆಗೆ ಸೇರಿ, ಈಗ ಅವಳ ಹಾಲುಹಲ್ಲು ಬೀಳುತ್ತಿವೆ. ಚಹಾ ಆರುವವರೆಗೂ ಕಾಯಲಾರದ ಮನುಷ್ಯ ಅಷ್ಟು ವರ್ಷ ಕಾದಿದ್ದ. ತಾನು ಅದನ್ನು ಒಂದೇ ಬೆಳಗಿನಲ್ಲಿ ಸಿಂಕಿಗೆ ಸುರಿದಿದ್ದಳು. ಬಿಕ್ಕಿ ಬಿಕ್ಕಿ ಅತ್ತಳು.

ಅಮ್ಮ ಅವಳ ಬೆನ್ನ ಮೇಲೆ ಕೈಯಿಟ್ಟಳು. "ಅಳು ಆಮೇಲೆ. ಹಾಲ್ ತುಂಬಿದೆ. ಇರೋ ಅಷ್ಟರಲ್ಲೇ ಎಲ್ಲರಿಗೂ ಮುಟ್ಟಬೇಕು. ಲೋಟದ ತಳ ಮುಚ್ಚುವಷ್ಟು ಹಾಕು, ಸಾಕು."

"ಈ ಅಂಗಡಿದನ್ನ ಏನ್ಮಾಡೋದು ಅಕ್ಕ?" ಎಂದ ಮಾವ.

"ನಿನ್ನ ನೆಗಡಿಗೆ ಇಟ್ಕೋ."

* * *

ಹಾಲಿನಲ್ಲಿ ಜನ ಪರೀಕ್ಷೆಗೆ ಕೂತವರಂತೆ ಕೂತಿದ್ದರು. ಟೈಂಕೀಪರ್ ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದ, ಕೊಡೆಗಳ ಕುಂಡಕ್ಕೆ ಒತ್ತಿಕೊಂಡು. ನಿವೃತ್ತನಾಗಿ ಎಷ್ಟೋ ವರ್ಷವಾದರೂ ಕೈಗಡಿಯಾರದ ಮೇಲೆ ಕಣ್ಣು ಹೋಗುವುದು ತಪ್ಪಿರಲಿಲ್ಲ. ಅತ್ತು ಅತ್ತು ಕಣ್ಣು ಊದಿದ್ದವು.

ಮಗಳು ತಟ್ಟೆ ಹಿಡಿದು ಬಂದಳು. ಮದುವೆಯ ದಿನ ಅಪ್ಪ ಹಿಡಿದಿದ್ದ ಅದೇ ತಟ್ಟೆ. ಲೋಟಗಳೊಳಗೆ ಇಣುಕಿದವರ ಮುಖ ಅರಳಿತು.

"ಇಷ್ಟೇ ಇಷ್ಟು ಹಾಕಿದೀಯಲ್ಲ, ನಿನ್ನ ಹೊಟ್ಟೆ ತಣ್ಣಗಿರ್ಲಿ," ಎಂದು ಟೈಲರಮ್ಮ ಪಿಸುಗುಟ್ಟಿದಳು.

ಎಲ್ಲರ ಕೈಗೂ ಲೋಟ ಬಂತು. ಯಾರೂ ಯಾರಿಗೂ ಹೇಳಲಿಲ್ಲ, ಆದರೂ ಒಂದೇ ಸಲಕ್ಕೆ ಹಾಲಿನಲ್ಲಿ ಸದ್ದಡಗಿತು. ಅಷ್ಟೂ ಜನ ಉಸಿರು ಹಿಡಿದಿದ್ದರು. ಕೆನ್ನೆ ಉಬ್ಬಿಸಿಕೊಂಡು, ಕಣ್ಣು ಬಿಗಿದುಕೊಂಡು, ಅಪ್ಪನ ಮೇಲಿನ ಪ್ರೀತಿಗಾಗಿ ಒಂದು ಕೊನೆಯ ಸಲ ನುಂಗಿಬಿಡಲು ತಯಾರಾಗಿದ್ದರು. ಅದನ್ನು ನೋಡಿ ಮಗಳಿಗೆ ಬೆಳಗಿನಿಂದ ಇದ್ದ ಕೋಪ ಎಲ್ಲಿ ಹೋಯಿತೋ ತಿಳಿಯಲಿಲ್ಲ.

"ಒಂದು ನಿಮಿಷ," ಎಂದಳು. "ಎಲ್ಲರೂ ಉಸಿರು ಬಿಡಿ. ಇವತ್ತು ಉಸಿರಾಡ್ತಾ ಕುಡೀರಿ. ನನ್ನ ಮಾತು ನಂಬಿ."

ಜನ ಅನುಮಾನದಿಂದ ಉಸಿರು ಬಿಟ್ಟರು. ಮೂಸಿದರು. ಹುಬ್ಬುಗಳು ಮೇಲೆ ಹೋದವು. ಟೈಲರಮ್ಮ ನಾಲಿಗೆಯ ತುದಿ ಮುಟ್ಟಿಸಿ, ನಿಂತು, ಮತ್ತೆ ಮುಟ್ಟಿಸಿದಳು. ಆಮೇಲೆ ಯಾರು ಮೊದಲು ಶುರು ಮಾಡಿದರೋ, ಹಾಲಿನಲ್ಲಿ ಗದ್ದಲವೆದ್ದಿತು.

"ಇದು ಅವಸರಂದಾ? ನಿಜ ಹೇಳು."

"ಮಾತ್ರೆ ತಗೊಂಡಿದ್ಯಲ್ಲಮ್ಮ, ನಿಂದು ಇಲ್ಲಿ ಕೊಡು."

"ಮಾತ್ರೆ ಆಗ್ಲೇ ಇಳಿದು ಹೋಯ್ತು, ಕೈ ತೆಗಿ."

"ಆ ಹುಳೀನೇ ಇದು, ಆದ್ರೆ ಬುದ್ಧಿ ಬಂದಿದೆ ನೋಡು. ಹುಡುಗ ದೊಡ್ಡವನಾದ ಹಾಗೆ."

"ಒಂದು ಸಲ ಅವನ ಬಸ್ಸಿನ ಹಿಂದೆ ಓಡಿ ನನ್ನ ಚಪ್ಪಲಿ ಹೋಯ್ತು. ಮಾರನೇ ದಿನ ಆ ಚಪ್ಪಲೀನ ಅವನೇ ತಂದು ಕೊಟ್ಟ. ಅದೂ ನಾನು ಏಳೋದಕ್ಕೆ ಮುಂಚೆ."

ನಗು ಎದ್ದಿತು. ಅಮ್ಮನೂ ನಕ್ಕಳು. ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದು ಬಸ್ಸಿನ ಕತೆ ಹೇಳತೊಡಗಿದರು. ಬೀದಿಯಲ್ಲಿ ಹೋಗುವವರು ಇದು ಮದುವೆ ಮನೆ ಎಂದುಕೊಂಡಿರಬೇಕು.

ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದ ಟೈಂಕೀಪರ್ ಮಗಳನ್ನು ಹತ್ತಿರ ಕರೆದ.

"ಕಾದಿದ್ದನಾ ಅವನು?"

"ಕಾದಿದ್ರು ಅಂಕಲ್."

"ಯಾವಾಗಿಂದ?"

"ನನ್ನ ಮದುವೆಯಿಂದ."

ಟೈಂಕೀಪರನ ಕಣ್ಣು ಪಕ್ಕದ ಕುಂಡದ ಮೇಲೆ ಹೋಗಿ ಬಂತು. "ನೋಡಿಬಿಟ್ಟಿದ್ನಾ ಆವತ್ತು?"

"ನೋಡಿದ್ರು."

ಅವನು ತಲೆಯಾಡಿಸಿದ. ಬಹಳ ಹೊತ್ತು ತಲೆಯಾಡಿಸುತ್ತಲೇ ಇದ್ದ. ಆಮೇಲೆ ಲೋಟ ಮುಂದೆ ಮಾಡಿ, "ಇನ್ನೂ ಇದೆಯಾ ಮಗು?" ಎಂದು ಕೇಳಿದ. ಸುತ್ತಲಿನ ಲೋಟಗಳೂ ಒಂದೊಂದಾಗಿ ಮುಂದೆ ಬಂದವು.

ಇಲ್ಲ ಎಂದು ಹೇಳಿ ಮುಗಿಸಬಹುದಿತ್ತು. ಅವಳಿಗೆ ಮನಸ್ಸು ಬರಲಿಲ್ಲ. "ಇತ್ತು," ಎಂದಳು. "ಬೇಕಾದಷ್ಟಿತ್ತು. ನೀವೆಲ್ಲ ನಗ್ತೀರ ಅಂತ ಹೆದರಿ ಸಿಂಕಿಗೆ ಸುರಿದೆ."

ಟೈಂಕೀಪರ್ ಗಡಿಯಾರ ನೋಡಿಕೊಂಡ.

"ಯಾವಾಗ?"

"ನೀವು ಬರೋದಕ್ಕೆ ಸ್ವಲ್ಪ ಮುಂಚೆ."

"ಅವನ ಬಸ್ಸೂ ಹಾಗೇನೇ," ಎಂದ ಟೈಂಕೀಪರ್. "ನಾವು ಸ್ಟಾಪಿಗೆ ಬರೋ ಅಷ್ಟರಲ್ಲಿ ಹೊರಟಿರ್ತಿತ್ತು."

ಹಾಲಿಗೆ ಹಾಲೇ ನಕ್ಕಿತು. ಮಗಳು ಕಣ್ಣೊರೆಸಿಕೊಳ್ಳುತ್ತ ನಕ್ಕಳು, ನಗುತ್ತ ಮತ್ತೆ ಕಣ್ಣೊರೆಸಿಕೊಂಡಳು. ತಟ್ಟೆಯಲ್ಲಿ ಲೋಟ ಒಟ್ಟುಮಾಡುತ್ತ ಬಾಗಿಲ ಕಡೆ ತಿರುಗಿದಳು.

ಟೈಂಕೀಪರ್ ಲೋಟ ಕೊಟ್ಟಿರಲಿಲ್ಲ. ಕುರ್ಚಿಗೆ ಒರಗಿ, ತಲೆ ಹಿಂದಕ್ಕೆ ಚೆಲ್ಲಿ, ಬಾಯಿ ತೆರೆದುಕೊಂಡಿದ್ದ. ಅದರ ಮೇಲೆ ಲೋಟವನ್ನು ಬೋರಲು ಹಿಡಿದು ಬೆರಳಿನಿಂದ ತಳಕ್ಕೆ ಮೆಲ್ಲಗೆ ತಟ್ಟುತ್ತಿದ್ದ. ಒಂದು ಹನಿ ಅಂಚಿಗೆ ಬಂದು ದಪ್ಪಗಾಗಿ ನಿಂತಿತ್ತು. ಬೀಳಲು ಅದಕ್ಕೆ ಏನೂ ಆತುರವಿರಲಿಲ್ಲ. ಅವನು ಕಾಯುತ್ತಿದ್ದ.